ಹದ್ದುಬಸ್ತು

ಮೂರಾಣೆ ಜಾಗ.
ಒಂದೆರಡು ಸಾಲು ಜೋಳ ಬಿತ್ತಿದರೆ ಮುಗಿಯಿತು.
ಅದಕ್ಕೊಂದು ಅರ್ಜಿ, ಒಂದು ಚಲನ್, ಎರಡು ನೋಟೀಸು,
ಮತ್ತೆ ವಿಜಯಪುರದಿಂದ ಎರಡು ಬಸ್ಸು ಬದಲಿಸಿ
ಡೋಣಿ ದಾಟಿ ಬಂದ ನಾನು,
ಪರವಾನಗಿ ಭೂಮಾಪಕಿ, ಬಗಲಲ್ಲಿ ನಕ್ಷೆ.

ಅರ್ಜಿದಾರ ಸಾಹೇಬಗೌಡ ಹಂಗರಗಿ
ಬದುವಿನ ಮೇಲೆ ಕೊಡೆ ಬಿಚ್ಚಿ ನಿಂತಿದ್ದಾನೆ.
ಎದುರುದಾರಳು ನೀಲವ್ವ ತಳಕೇರಿ
ಕೆಳಗೆ ತನ್ನ ಕಡಲೆಯಲ್ಲಿ, ತಲೆತುಂಬ ಸೆರಗು.
ನಡುವೆ ಕುಸುಬಿಯ ಸಾಲು.
ಕಲಮುಗಳು ಹುಟ್ಟುವ ಮೊದಲೇ ಈ ಸೀಮೆ
ಅತಿಕ್ರಮ ಪ್ರವೇಶಕ್ಕೆ ಬರೆದುಕೊಂಡ ಕಾಯಿದೆ ಅದು:
ದನ ಮೂತಿ ಚಾಚಿದರೆ ಮುಳ್ಳು,
ಸ್ಥಳದಲ್ಲೇ ತೀರ್ಪು, ಅಪೀಲಿಲ್ಲ.

“ನಾನೂರಾ ನಲವತ್ತೇಳು ಹಾಕಸ್ತೀನ್ರಿ ಈಕಿ ಮ್ಯಾಲ.”
“ಅದು ಹೋತ್ರಿ ಕಾಕಾ. ಈಗ ಮುನ್ನೂರಾ ಇಪ್ಪತ್ತೊಂಬತ್ತು.”
“ನೂರಾ ಹದಿನೆಂಟು ಕಡಿಮಿ ಆತಲ್ಲವ್ವಾ!”
ಸಂತೆಯಲ್ಲಿ ಚೌಕಾಸಿ ಗೆದ್ದವಳಂತೆ ನೀಲವ್ವ ನಕ್ಕಳು.

ಕಚೇರಿಯ ಯಂತ್ರ ಬಾಗೇವಾಡಿಗೆ ಹೋಗಿತ್ತು.
ನಮ್ಮ ಪಾಲಿಗೆ ಲಾಳೇಸಾಬ, ಅವನ ಸರಪಳಿ,
ಕೊಂಡಿಕೊಂಡಿಗೂ ಕಾದ ಬಿಸಿಲು.
ಮೋಡಿ ಅಕ್ಷರದ ಹಳೆಯ ಟಿಪ್ಪಣಿ ಹೇಳಿತು:
ಈಶಾನ್ಯ ಮೂಲೆಗೆ ಬಾಂದುಗಲ್ಲು.
ಈಶಾನ್ಯ ಮೂಲೆಯಲ್ಲಿ ಒಂದು ಓತಿಕ್ಯಾತ ಮಾತ್ರ ಇತ್ತು.

“ಈಕಿ ಕಿತ್ತಾಳ್ರಿ.”
“ಇವರಪ್ಪ ಕಿತ್ತಾನ್ರಿ, ನಾ ಹುಟ್ಟೂ ಮೊದಲ.”

ಅಗೆದರು. ಒಂದು ಮೊಳ. ಎರಡು.
ಮೂರನೆಯ ಮೊಳದಲ್ಲಿ ಹಾರೆ ಠಣ್ ಎಂದಿತು.
ಕಲ್ಲು ಮಲಗಿತ್ತು, ಓರೆಯಾಗಿ,
ನಿದ್ದೆಯಲ್ಲಿ ಮಗ್ಗಲು ಬದಲಿಸಿದವರ ಹಾಗೆ.
ಯಾರೂ ಕಿತ್ತಿರಲಿಲ್ಲ.

ಎರಿ ಭೂಮಿ.
ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ,
ಬಿರುಕಿಗೆ ಬಿದ್ದ ಕುಡಗೋಲು ತಿರುಗಿ ಬಂದದ್ದಿಲ್ಲ.
ನೂರು ವರ್ಷ ಹೀಗೆ ಉಸಿರೆಳೆದು, ಉಸಿರುಬಿಟ್ಟು
ಕಲ್ಲನ್ನು ನುಂಗಿದೆ,
ನುಂಗುತ್ತ ನುಂಗುತ್ತ ತೆಂಕಕ್ಕೆ ತಳ್ಳಿದೆ.
ನಮೂನೆಯಲ್ಲಿ ಎಂಟನೆಯ ಕಾಲಂ:
ಒತ್ತುವರಿದಾರರ ಹೆಸರು.
ಇಬ್ಬರೂ ನನ್ನ ಪೆನ್ನನ್ನೇ ನೋಡುತ್ತಿದ್ದರು.

ಹಸಿವಾಗಿತ್ತು. ನೀಲವ್ವ ಬುತ್ತಿ ಬಿಚ್ಚಿದಳು,
ಸಜ್ಜಿರೊಟ್ಟಿ, ಪುಂಡಿಪಲ್ಲೆ, ಒಂದು ಉಳ್ಳಾಗಡ್ಡಿ ಗುದ್ದಿ.
ಗೌಡನೂ ಕೈಯೊಡ್ಡಿದ.
ಕೂತದ್ದು ಅದೇ ಮೂರಾಣೆಯಲ್ಲಿ,
ಬೇರೆಲ್ಲೂ ಮುಳ್ಳಿರದ ಜಾಗ ಇರಲಿಲ್ಲ.
ಇದರಲ್ಲಿ ಅರ್ಥ ಹುಡುಕಬೇಡಿ. ನನಗೂ ಒಂದು ಕ್ಷಣ ಆಸೆಯಾಗಿತ್ತು.
ಕೈ ತೊಳೆದ ಮೇಲೆ ಇಬ್ಬರೂ ತಮ್ಮ ತಮ್ಮ ಕಡೆ ಹೋಗಿ ನಿಂತರು.

ಉಳಿದ ಮೂರು ಕಲ್ಲು ಹಿಡಿದು ಗೆರೆ ಎಳೆದೆ.
ಮೇಲಿನ ತುದಿಗೆ ಈತನದು ಆಕೆಯೊಳಗೆ ಎರಡಾಣೆ,
ಕೆಳಗಿನ ತುದಿಗೆ ಆಕೆಯದು ಈತನೊಳಗೆ ಒಂದೂಮುಕ್ಕಾಲು.
“ಅಂದ್ರ ನನಗ ಕಾಲಾಣೆ ಬರಬೇಕು,” ಎಂದಳು ನೀಲವ್ವ,
ನಗಲಿಲ್ಲ ಈ ಸಲ.
ಪಂಚನಾಮೆಗೆ ಹೆಬ್ಬೆಟ್ಟು ಒತ್ತಿ, ಕೊನೆಯ ಕರಿಯನ್ನು
ಸೆರಗಿಗೆ ಒರೆಸದೆ ಬದುವಿಗೆ ಒರೆಸಿದಳು.
ಗೌಡ ಸಹಿ ಮಾಡಲಿಲ್ಲ. ಅಪೀಲು ಹೋಗುತ್ತಾನಂತೆ.
ಹೋಗಬಹುದು. ಕಾನೂನಿನಲ್ಲಿ ಇದೆ.

ರಾತ್ರಿ ಎಂಟೂವರೆಗೆ ಇಳಿದೆ.
ನಾನಿರುವ ಬಾಡಿಗೆ ಮನೆಯ ಮೆಟ್ಟಿಲು
ರಸ್ತೆಯೊಳಗೆ ಎರಡಡಿ ಬಂದಿದೆಯೆಂದು
ಪಾಲಿಕೆಯವರು ಹೋದ ವಾರ ಕೆಂಪು ಗೀಟು ಹೊಡೆದು ಹೋಗಿದ್ದಾರೆ.
ಮನೆಮಾಲಕಿ ಆ ಗೀಟಿನ ಮೇಲೆ
ದಿನಾ ಒಂದು ಚಾಪೆ ಹಾಸುತ್ತಾಳೆ.
ಅದರಂಚಿಗೆ ಕೂತು, ಕಡ್ಡಿ ತಗೊಂಡು
ಚಪ್ಪಲಿಯ ಅಡಿಯ ಎರಿ ಮಣ್ಣು ಕೆತ್ತಿದೆ.
ಹೆಂಟೆಹೆಂಟೆಯಾಗಿ ಬಿತ್ತು, ಇನ್ನೂ ಹಸಿ,
ಆತನದೆಷ್ಟು, ಆಕೆಯದೆಷ್ಟು,
ನಡುವೆ ಒಂದು ಕುಸುಬಿ ಮುಳ್ಳು.